ಕೊನೆಯ ಮಾತು ಕೇಳಿಸದ ಸಿನಿಮಾ ಮತ್ತು ಕ್ಯಾಬಿನ್ ಮಾವನ ಕಿವಿ

ಬೆಳಗಿನ ಐದೂವರೆ. ಆರುನೂರ ಹನ್ನೆರಡು ಕುರ್ಚಿಗಳ ಚಿತ್ರಮಂದಿರದಲ್ಲಿ ಉರಿಯುತ್ತಿರುವುದು ಒಂದೇ ಬಲ್ಬು. ಅದರ ಮಬ್ಬು ಬೆಳಕಿನಲ್ಲಿ, ಪರದೆಗೂ ಗೋಡೆಗೂ ನಡುವಿನ ಎರಡು ಮೊಳದ ಸಂದಿಯಲ್ಲಿ ಅರವತ್ತೊಂದು ವರ್ಷದ ಹಿರಿಯರೊಬ್ಬರು ಏಣಿ ಹತ್ತಿ ನಿಂತು, ಆಳೆತ್ತರದ ಸ್ಪೀಕರಿಗೆ ಬಲಗಿವಿ ಆನಿಸಿದ್ದಾರೆ. ಯಂತ್ರದಿಂದ 'ಸುಯ್' ಎಂಬ ಒಂದೇ ಸಮನಾದ ಸದ್ದು ಬರುತ್ತಿದೆ. ಕಿವಿಯ ಸರದಿ ಮುಗಿದ ಮೇಲೆ ಅಂಗೈಯ ಸರದಿ. ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವವರ ಹಾಗೆ ಸ್ಪೀಕರಿನ ಮೈಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಾರೆ.

"ಇದು ಹುಷಾರಾಗಿದೆ," ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾ ಏಣಿ ಇಳಿಯುತ್ತಾರೆ. "ಇನ್ನು ಇಪ್ಪತ್ತೊಂದು ಬಾಕಿ. ನೀವು ಬೇಕಾದ್ರೆ ಕೂತ್ಕೊಳ್ಳಿ. ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ, ಈಗ ಯಾರೂ ಟಿಕೆಟ್ ಕೇಳಲ್ಲ."

ಇವರು ಈ ಚಿತ್ರಮಂದಿರದ ಆಪರೇಟರ್. ಪರದೆಯ ಮೇಲೆ ಚಿತ್ರ ಮೂಡಿಸುವ, ಸದ್ದು ಹೊರಡಿಸುವ ಕೆಲಸದವರು, ಇಲ್ಲೇ ಮೂವತ್ತೇಳು ವರ್ಷ ಸವೆಸಿದವರು. ಗೇಟು ಕಾಯುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಇವರು 'ಕ್ಯಾಬಿನ್ ಮಾವ'. ನಲವತ್ತೊಂದು ಮೆಟ್ಟಿಲ ಮೇಲೆ, ಚಿತ್ರ ಬಿಡುವ ಯಂತ್ರವಿರುವ ಕ್ಯಾಬಿನ್ನೇ ಅವರ ಪ್ರಪಂಚ. ದಿನಕ್ಕೆ ಮೂರು ಆಟ. ಹತ್ತಿ ಇಳಿಯುವುದು ಕಡಿಮೆಯೆಂದರೂ ಹತ್ತು ಸಲ. ಊಟದ ಡಬ್ಬಿ ಬಿಚ್ಚುವುದು ಎರಡನೆಯ ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ. "ಆ ಹೊತ್ತಿಗೆ ಏನಾದ್ರೂ ಕೈಕೊಡೋದಿದ್ರೆ ಕೊಟ್ಟಿರುತ್ತೆ," ಎನ್ನುವುದು ಅವರ ಲೆಕ್ಕ.

ಬೆಳಗಿನ ಈ ತಪಾಸಣೆ ಮಾಡೆಂದು ಅವರಿಗೆ ಯಾರೂ ಹೇಳಿಲ್ಲ. ರಸ್ತೆಯಲ್ಲಿ ಗಾಡಿಗಳ ಗಲಾಟೆ ಶುರುವಾಗುವ ಮುನ್ನ ಮಾತ್ರ ಸ್ಪೀಕರಿನ ಸಣ್ಣ ಗೊರಗೊರವೂ ಕೇಳುತ್ತದೆಂದು ತಾವೇ ಕಂಡುಕೊಂಡ ಕ್ರಮ. ಪರದೆಯ ಹಿಂದೆ ನಾಲ್ಕು, ಗೋಡೆಗಳ ಮೇಲೆ ಹದಿನೆಂಟು. ಪ್ರತಿಯೊಂದರ ಹತ್ತಿರವೂ ಸ್ಟೂಲು ಎಳೆದುಕೊಂಡು ಹೋಗುತ್ತಾರೆ. ನೋಡಿದರೆ ಇದೇನು ಇಷ್ಟೊಂದು ಹಠ ಅನ್ನಿಸುತ್ತದೆ. ಆದರೆ ಕಳೆದ ತಿಂಗಳು ಇವರ ಕೆಲಸ ಉಳಿದದ್ದು ಈ ಹಠದಿಂದಲೇ.

ಮಾವ ಇಲ್ಲಿಗೆ ಬಂದದ್ದು ಇಪ್ಪತ್ನಾಲ್ಕರ ಪ್ರಾಯದಲ್ಲಿ, ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿದುಕೊಡುವ ಕೆಲಸಕ್ಕೆ. ವರ್ಷದೊಳಗೆ ರೀಲಿನ ಡಬ್ಬಗಳನ್ನು ಹೆಗಲ ಮೇಲೆ ಹೊತ್ತು ಮೇಲೇರಿಸುವ ಕೆಲಸ ಸಿಕ್ಕಿತು. ಹಾಗೇ ನೋಡುತ್ತ ನೋಡುತ್ತ ಯಂತ್ರ ಕಲಿತರು. ಬಲ ಮುಂಗೈ ಮೇಲೆ ಹಳೆಯ ಯಂತ್ರದ ದೀಪ ಸುಟ್ಟ ಕಲೆ ಈಗಲೂ ಇದೆ. ರೀಲಿನ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಅವರಿಗೆ ನಲವತ್ತೆಂಟು. ಜೊತೆಗಿದ್ದ ಇಬ್ಬರು "ಇದು ನಮ್ಮ ಕೈಲಿ ಆಗೋ ಮಾತಲ್ಲ" ಎಂದು ಬೇರೆ ದಾರಿ ನೋಡಿಕೊಂಡರು. ಮಾವ ಮಾತ್ರ ಒಂದೊಂದು ಗುಂಡಿಯ ಚಿತ್ರ ಬರೆದು, ಯಾವುದು ಒತ್ತಿದರೆ ಏನಾಗುತ್ತದೆಂದು ರಟ್ಟಿನ ಹಾಳೆಯ ಮೇಲೆ ಗುರುತು ಹಾಕಿಕೊಂಡು ಹನ್ನೊಂದು ದಿನದಲ್ಲಿ ಕಲಿತರು. "ಹನ್ನೆರಡನೇ ದಿನ ಆಟ ಇತ್ತು. ಕಲೀದೆ ಏನು ಮಾಡ್ಲಿ?" ಎಂದು ನಗುತ್ತಾರೆ.

ಅಂಥವರಿಗೆ ಎರಡು ವರ್ಷದಿಂದ ಎಡಗಿವಿ ಮಂದವಾಗುತ್ತಿದೆ. ಎರಡು ಬೀದಿಯಾಚೆ ಇರುವ ಮಗಳು ಬಲವಂತ ಮಾಡಿ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಎಡಗಿವಿ ಅರ್ಧ ಹೋಗಿದೆ, ಬಲಗಿವಿ ಚೆನ್ನಾಗಿದೆ ಎಂದರು ಡಾಕ್ಟರು. ಮಾವ ಅದನ್ನು ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. "ಹೇಳಿದ್ರೆ ಮಾರನೇ ದಿನವೇ ಕಳಿಸಿಬಿಡ್ತಾರೇನೋ ಅಂತ ಹೆದರಿಕೆ. ತಪ್ಪೇ ಅದು. ಈಗ ಒಪ್ಕೋತೀನಿ."

ಆಗ ಬಂತು ಆ ಸಿನಿಮಾ.

ಅದಕ್ಕೊಂದು ಉದ್ದನೆಯ ಹೆಸರಿತ್ತು. ಬಾಯಿಗೆ ಬಾರದ್ದರಿಂದ ಜನ 'ಅರ್ಧ ಕಟಿಂಗ್' ಎಂದೇ ಕರೆದರು. ಕಥೆ ಇಷ್ಟೇ. ಒಬ್ಬ ಕ್ಷೌರಿಕ ಗಿರಾಕಿಯ ತಲೆಗೂದಲು ಅರ್ಧ ಕತ್ತರಿಸಿರುವಾಗ ಗಿರಾಕಿ ಸುಮ್ಮನೆ ಮಾತಿಗೆಂದು "ಹೇಗಿದ್ದೀರಿ?" ಎನ್ನುತ್ತಾನೆ. ಕ್ಷೌರಿಕ ಕತ್ತರಿ ಕೆಳಗಿಟ್ಟು, "ಯೋಚನೆ ಮಾಡಿ ಹೇಳ್ತೀನಿ" ಎಂದು ಅಂಗಡಿಯಿಂದ ಹೊರಟೇಬಿಡುತ್ತಾನೆ. ನಿಜವಾದ ಉತ್ತರ ಸಿಗುವ ತನಕ ವಾಪಸು ಬರುವುದಿಲ್ಲವೆಂದು ಅವನ ಪಣ. ಡಾಕ್ಟರನ್ನು, ನ್ಯಾಯಾಧೀಶನನ್ನು, ತನ್ನನ್ನು ಬಿಟ್ಟುಹೋದ ಹೆಂಡತಿಯನ್ನು, ಕೊನೆಗೆ ಹೆಣಕ್ಕೆ ಗುಂಡಿ ತೋಡುವವನನ್ನೂ ಕೇಳುತ್ತಾ ಊರೆಲ್ಲ ಅಲೆಯುತ್ತಾನೆ. ಅರ್ಧ ತಲೆಯ ಗಿರಾಕಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಹಿಂದಿಂದೆ ಓಡುತ್ತಾನೆ. ಎರಡು ಗಂಟೆಯ ಮೇಲೆ ಕ್ಷೌರಿಕ ಅಂಗಡಿಗೆ ಮರಳಿ ಕತ್ತರಿ ಎತ್ತಿಕೊಳ್ಳುತ್ತಾನೆ. ಗಿರಾಕಿ ಕನ್ನಡಿಯೊಳಗಿಂದ ಮತ್ತೆ ಕೇಳುತ್ತಾನೆ: "ಈಗ ಹೇಳಿ, ಹೇಗಿದ್ದೀರಿ?" ಕ್ಷೌರಿಕ ಬಾಯಿ ತೆರೆಯುವುದಕ್ಕೂ ಪಕ್ಕದ ಹಿಟ್ಟಿನ ಗಿರಣಿ ಶುರುವಾಗುವುದಕ್ಕೂ ಸರಿಹೋಗುತ್ತದೆ. ಪರದೆಯ ತುಂಬ ಅವನ ಮುಖ, ತುಟಿಗಳು ಅಲುಗುತ್ತವೆ, ಗಿರಣಿಯ ಅಬ್ಬರದಲ್ಲಿ ಒಂದಕ್ಷರವೂ ಕೇಳುವುದಿಲ್ಲ. ಕತ್ತಲೆ. ಮುಗಿಯಿತು.

ಶುಕ್ರವಾರದ ಮೊದಲ ಆಟ ಬಿಟ್ಟಾಗ ಹೊರಬಾಗಿಲ ಹತ್ತಿರ ಸಂತೆಯಂಥ ಗದ್ದಲ. ಒಬ್ಬ ಹೆಂಗಸು ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಯಜಮಾನರು, "ನಿನಗೆ ನಗು ಎಲ್ಲಿ ಬಂತು ಅಂತ ತೋರಿಸು, ನಾನೂ ನಗ್ತೀನಿ" ಎಂದು ಸಿಡಿಮಿಡಿಗೊಂಡಿದ್ದರು. ಮೇಷ್ಟರೊಬ್ಬರು ಇದರಲ್ಲಿ ಬಹಳ ದೊಡ್ಡ ತತ್ವ ಇದೆಯೆಂದರು. ಅದೇನೆಂದು ಕೇಳಿದ್ದಕ್ಕೆ, ಇನ್ನೊಂದು ಸಲ ನೋಡಿ ಹೇಳುತ್ತೇನೆಂದರು. "ತತ್ವ ಗಿತ್ವ ಬೇಡ ಸ್ವಾಮಿ, ಆ ಗಿರಾಕಿ ತಲೆ ಪೂರ್ತಿ ಆಯ್ತಾ ಇಲ್ವಾ, ಅಷ್ಟು ಹೇಳಿ" ಎಂದು ಒಬ್ಬರು ಅಂಗಲಾಚಿದರು. ಒಬ್ಬ ಮುದುಕರು ಯಾರೊಡನೆಯೂ ಮಾತಾಡದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೀಗೆ ಹತ್ತು ಜನಕ್ಕೆ ಹತ್ತು ಮಾತು. ಆದರೆ ಒಂದು ದೂರು ಮಾತ್ರ ಎಲ್ಲರದ್ದೂ ಒಂದೇ ಆಗಿತ್ತು: ಕೊನೆಗೆ ಸೌಂಡ್ ಕೆಟ್ಟಿತು.

"ಎಲ್ಲಾ ಬಿಟ್ಟು ಉತ್ತರ ಹೇಳೋ ಹೊತ್ತಿಗೇ ಕೆಡಿಸ್ಬೇಕಾ? ಆಪರೇಟರ್ ನಿದ್ದೆ ಮಾಡ್ತಿದ್ನಾ?"

ಶನಿವಾರ ನಾಲ್ಕೈದು ಜನ ನಲವತ್ತೊಂದು ಮೆಟ್ಟಿಲು ಹತ್ತಿಬಂದು ಕ್ಯಾಬಿನ್ ಬಾಗಿಲು ದಬದಬ ಬಡಿದರು. ಸಂಜೆ ಮ್ಯಾನೇಜರ್ ಮೇಲೆ ಬಂದರು. ಒಳ್ಳೆಯ ಮನುಷ್ಯ, ಆದರೆ ಎರಡು ದಿನದಿಂದ ಬೈಗುಳ ತಿಂದು ಸುಸ್ತಾದವರು.

"ಮಾವ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಿವಿ ಸರಿಯಾಗಿ ಕೇಳುತ್ತಾ?"

ಮಾವ ಸುಳ್ಳು ಹೇಳಲಿಲ್ಲ. "ಎಡಗಡೇದು ಅರ್ಧ ಹೋಗಿದೆ ಸಾರ್. ಬಲಗಡೇದು ಗಟ್ಟಿಯಾಗಿದೆ."

ಮ್ಯಾನೇಜರ್, ಬುಧವಾರದಿಂದ ಬೇರೊಬ್ಬ ಆಪರೇಟರನ್ನು ಕರೆಸುತ್ತೇನೆ, ನೀವು ಕೆಳಗೆ ಗೇಟು ನೋಡಿಕೊಳ್ಳಿ ಎಂದರು. ಅಲ್ಲಿಯವರೆಗೆ ಆ ಕೊನೆಯ ದೃಶ್ಯ ಬರುವ ಮೊದಲೇ ಚಿತ್ರ ನಿಲ್ಲಿಸಿ ದೀಪ ಹಾಕಿಬಿಡಿ, ಗಲಾಟೆಯೇ ಇರುವುದಿಲ್ಲ ಎಂದೂ ಸೇರಿಸಿದರು.

"ಅದಾಗಲ್ಲ ಸಾರ್," ಎಂದರು ಮಾವ. ಇಷ್ಟು ವರ್ಷದಲ್ಲಿ ಮ್ಯಾನೇಜರಿಗೆ ಎದುರಾಡಿದ್ದು ಅದೇ ಮೊದಲು. "ಗೇಟಿಗೆ ಹೋಗು ಅಂದ್ರೆ ಹೋಗ್ತೀನಿ. ಆದ್ರೆ ಸಿನಿಮಾದವರು ಮಾಡಿ ಕಳಿಸಿದ್ದನ್ನ ಕತ್ತರಿಸಿ ತೋರಿಸಲ್ಲ. ತಪ್ಪು ಯಂತ್ರದ್ದಾ, ನನ್ನದಾ, ಸಿನಿಮಾದ್ದೇ ಹಾಗಾ ಅಂತ ಮೊದಲು ಗೊತ್ತಾಗ್ಲಿ. ಸೋಮವಾರ ಬೆಳಿಗ್ಗೆ ಒಂದು ಗಂಟೆ ಟೈಮ್ ಕೊಡಿ."

ಭಾನುವಾರ ಬೆಳಿಗ್ಗೆ ನಾಲ್ಕೂವರೆಗೇ ಮಾವ ಒಳಗಿದ್ದರು. ಇಪ್ಪತ್ತೆರಡು ಸ್ಪೀಕರುಗಳನ್ನೂ ಒಂದೊಂದಾಗಿ ಹಚ್ಚಿ ಆರಿಸಿ ನೋಡಿದರು. ಪಾತ್ರಗಳ ಮಾತು ಬರುವುದು ಪರದೆಯ ಹಿಂದೆ ನಡುವಿನ ಸ್ಪೀಕರಿನಿಂದ. ಅದರ ತಂತಿ ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸಿದರು. ಬೇರೆ ಚಿತ್ರ ಹಾಕಿದರೆ ಮಾತು ಮುತ್ತಿನ ಹಾಗೆ ಕೇಳಿತು. ಈ ಚಿತ್ರದ ಕೊನೆ ಹಾಕಿದರೆ ಬರೀ ಗಿರಣಿ. ತಪ್ಪು ಯಂತ್ರದ್ದಲ್ಲವೆಂದು ಅವರಿಗೆ ಮನವರಿಕೆಯಾಯಿತು. ಆದರೂ ಒಳಗೊಂದು ಅಳುಕು.

"ನನ್ನ ಕಿವೀನ ನಾನೇ ನಂಬದ ಹಾಗಾಗಿತ್ತು," ಎನ್ನುತ್ತಾರೆ. "ಮನೆಗೆ ಹೋಗಿ ಇವಳಿಗೆ ಹೇಳ್ದೆ, ನಾಳೆ ನೀನೂ ಬಾ ಅಂತ."

'ಇವಳು' ಎಂದರೆ ಮಾವನ ಹೆಂಡತಿ. ಅವರು ಮಾವ ಆದ ಮೇಲೆ ಇವರು ಚಿತ್ರಮಂದಿರದವರಿಗೆಲ್ಲ ಅತ್ತೆಯೇ. ಇಪ್ಪತ್ತೆರಡು ವರ್ಷ ನೇಯ್ಗೆ ಕಾರ್ಖಾನೆಯಲ್ಲಿ ಮಗ್ಗ ನೋಡಿಕೊಂಡವರು. ನಾಲ್ಕು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು, ಈಗ ಮನೆಯಲ್ಲೇ ಅಂಗಿಗಳಿಗೆ ಕಾಜಾ ಗುಂಡಿ ಹಾಕಿಕೊಡುತ್ತಾರೆ. ನೂರೆಂಟು ಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುವುದಿಲ್ಲ. ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಮಗ್ಗದ ಈ ತುದಿಯಿಂದ ಆ ತುದಿಗೆ ಹೆರಿಗೆಯ ಸುದ್ದಿ, ಅತ್ತೆ ಸೊಸೆ ಜಗಳ, ಮೇಸ್ತ್ರಿಯ ಮೇಲಿನ ಚಾಡಿ ಎಲ್ಲವೂ ಸದ್ದಿಲ್ಲದೆ ಹರಿದಾಡುತ್ತಿತ್ತು.

"ಮೇಸ್ತ್ರಿ ಎದುರಿಗೇ ನಿಂತು ಅವನನ್ನ ಬೈಕೊಂಡಿದ್ದೀವಿ. ಪಾಪ, ಅವನಿಗೆ ತುಟಿ ಓದೋಕೆ ಬರ್ತಿರಲಿಲ್ಲ," ಎಂದು ಅತ್ತೆ ನಗುತ್ತಾರೆ. ಮಾವನ ಕಿವಿ ಮಂದವಾದ ಮೇಲೆ ಮನೆಯಲ್ಲೂ ಅದೇ ಪದ್ಧತಿ ಬಂದಿದೆ. ಮಾವನಿಗೂ ಅರೆಬರೆ ಕಲಿಸಿದ್ದಾರೆ. "ನಮ್ಮನೇಲಿ ಎಷ್ಟು ಜಗಳ ಆದ್ರೂ ಪಕ್ಕದ ಮನೆಗೆ ಕೇಳಿಸಲ್ಲ ನೋಡಿ."

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಖಾಲಿ ಚಿತ್ರಮಂದಿರದಲ್ಲಿ ಮೂವರೇ. ಮ್ಯಾನೇಜರ್ ಕಣ್ಣುಜ್ಜಿಕೊಳ್ಳುತ್ತ ಮುಂದಿನ ಸಾಲಿನಲ್ಲಿ ಕೂತರು, ಅತ್ತೆ ಅವರ ಹಿಂದೆ ನಾಲ್ಕು ಸಾಲು ಬಿಟ್ಟು. ಮಾವ ಬೇರೆ ಸ್ಪೀಕರುಗಳನ್ನೆಲ್ಲ ಆರಿಸಿ, ನಡುವಿನದ್ದೊಂದನ್ನೇ ಉಳಿಸಿ ಕೊನೆಯ ದೃಶ್ಯ ಹಾಕಿದರು. ಗಿರಾಕಿಯ "ಈಗ ಹೇಳಿ, ಹೇಗಿದ್ದೀರಿ?" ಸ್ಪಷ್ಟವಾಗಿ ಕೇಳಿತು. ಆಮೇಲೆ ಗಿರಣಿ. ಮಾವ ಕ್ಯಾಬಿನ್ ಕಿಟಕಿಯಿಂದ ಕೂಗಿ ಹೇಳಿದರು: "ಗಿರಣಿ ಸದ್ದೂ ಅದೇ ಸ್ಪೀಕರಿಂದಾನೇ ಬರ್ತಿದೆ ಸಾರ್. ಸ್ಪೀಕರ್ ಸತ್ತಿದ್ರೆ ಅದೂ ಬರ್ತಿರಲಿಲ್ಲ. ಮಾತನ್ನ ಅವರೇ ಮುಚ್ಚಿ ಕಳಿಸಿದ್ದಾರೆ."

ಮ್ಯಾನೇಜರಿಗೆ ಅರ್ಥವಾಯಿತು. ಮೂರು ಸಲ ಹಾಕಿಸಿ ಕೇಳಿದರು. ಎದ್ದು ಕ್ಯಾಬಿನ್ ಕಿಟಕಿಯ ಕೆಳಗೆ ಬಂದು, "ನಿಮ್ಮ ಮೇಲೆ ಸುಮ್ಮನೆ ಅನುಮಾನ ಪಟ್ಟೆ" ಎಂದರು. ಆದರೆ ಅವರ ಚಿಂತೆ ಕಳೆಯಲಿಲ್ಲ. "ಈ ಮಾತು ನನಗೆ ಗೊತ್ತಾಯ್ತು ಸರಿ. ಹೊರಗೆ ನಿಂತು ಬೈಯೋರಿಗೆ ಯಾರು ಹೇಳ್ತಾರೆ? ಅವನು ಏನಂದ ಅಂತಾನೇ ಅವರು ಕೇಳೋದು."

ಆಗ ಹಿಂದಿನಿಂದ ಅತ್ತೆ, "ಅವನು ಅಂದಿದ್ದು ಕಾಣಿಸ್ತಲ್ಲ!" ಎಂದರು.

ಇಬ್ಬರೂ ಅವರತ್ತ ನೋಡಿದರು. ಇಷ್ಟು ಹೊತ್ತೂ ಎಲ್ಲರೂ ಕೇಳಿಸುತ್ತಿಲ್ಲವೆಂದು ಒದ್ದಾಡುತ್ತಿದ್ದುದು ಏಕೆಂದೇ ಅತ್ತೆಗೆ ಅರ್ಥವಾಗಿರಲಿಲ್ಲ.

"'ತಲೆ ಸ್ವಲ್ಪ ಬಗ್ಗಿಸಿ' ಅಂದ."

ಮ್ಯಾನೇಜರ್ ನಂಬಲಿಲ್ಲ. ಅವರು ಮೂರು ದಿನದಿಂದ 'ಚೆನ್ನಾಗಿದ್ದೀನಿ' ಅಂದನೆಂದು ತಿಳಿದಿದ್ದರು. ಮೇಷ್ಟರ ವಾದ 'ಬದುಕಿದ್ದೀನಿ' ಎಂದು. ಅತ್ತೆ ಮುಂದೆ ಬಂದು ಸಣ್ಣ ಮಕ್ಕಳಿಗೆ ಹೇಳಿಕೊಡುವ ಹಾಗೆ ವಿವರಿಸಿದರು: "ನೀವೇ ಹೇಳಿ ನೋಡಿ. 'ಚೆನ್ನಾಗಿದ್ದೀನಿ' ಅನ್ನೋಕೆ ತುಟಿ ಒಂದು ಸಲಾನೂ ಕೂಡಲ್ಲ. 'ಬದುಕಿದ್ದೀನಿ' ಅನ್ನೋಕೆ ಒಂದೇ ಸಲ ಕೂಡುತ್ತೆ. ಇವನದು ನಡುವೆ ಪಟಪಟ ಅಂತ ಎರಡು ಸಲ ಕೂಡ್ತು. 'ಸ್ವಲ್ಪ'ದಲ್ಲಿ ಒಂದು, 'ಬಗ್ಗಿಸಿ'ಯಲ್ಲಿ ಒಂದು." ಮಾವ ಮತ್ತೆ ಆ ದೃಶ್ಯ ಹಾಕಿದರು. ಮ್ಯಾನೇಜರ್ ತಾವೂ ಬಾಯಿ ಅಲುಗಿಸುತ್ತ ನೋಡಿದರು. ತುಟಿಗೆ ತುಟಿ ಕೂಡಿತು.

ಮೊದಲು ನಕ್ಕದ್ದು ಮ್ಯಾನೇಜರ್. ನಗು ತಡೆಯಲಾರದೆ ಕುರ್ಚಿಯ ಬೆನ್ನು ಹಿಡಿದುಕೊಂಡರಂತೆ. "ಊರೆಲ್ಲ ತಿರುಗಿ ಬಂದು ಇಷ್ಟೇನಾ!"

"ಇನ್ನೇನು ಹೇಳ್ಬೇಕಿತ್ತು?" ಎಂದರು ಅತ್ತೆ. "ಪಾಪ ಗಿರಾಕಿ ಕಾಯ್ತಾ ಕೂತಿದ್ನಲ್ಲ, ಅರ್ಧ ತಲೇಲಿ."

ಅಂದು ಹನ್ನೊಂದರ ಆಟ ಬಿಟ್ಟಾಗ ಅತ್ತೆ ಹೊರಬಾಗಿಲಲ್ಲೇ ನಿಂತರು. ಸೌಂಡ್ ಕೆಟ್ಟಿದೆ ಎಂದು ಯಾರೋ ಶುರು ಮಾಡುತ್ತಿದ್ದಂತೆ, "ಸೌಂಡ್ ಕೆಟ್ಟಿಲ್ಲ, ಸಿನಿಮಾನೇ ಹಾಗಿದೆ. ಅವನು ಅಂದಿದ್ದು ಬೇಕಾ? ನಾನು ಹೇಳ್ತೀನಿ" ಎಂದು ಹೇಳಿಯೇಬಿಟ್ಟರು. ಗುಂಪಿನಲ್ಲಿ ಒಬ್ಬ ನಿಜವಾದ ಕ್ಷೌರಿಕರಿದ್ದರು, ತಮ್ಮ ರಜೆಯ ದಿನ ಬಂದವರು. ಅವರು ತೊಡೆ ತಟ್ಟಿಕೊಂಡರು. "ಅಯ್ಯೋ, ಹೌದಲ್ರೀ! ಕತ್ತರಿ ಕೈಲಿ ಹಿಡಿದೋನು ಇನ್ನೇನು ಹೇಳ್ತಾನೆ? ದಿನಕ್ಕೆ ನೂರು ಸಲ ನಾನು ಹೇಳೋ ಮಾತು ಅದು, ನನಗೇ ಹೊಳೀಲಿಲ್ಲ." ಒಂದು ಹೆಜ್ಜೆ ಹೋಗಿ ತಿರುಗಿ ನಿಂತು, "ಆದ್ರೆ ಅವನು ಕತ್ತರಿ ಹಿಡಿಯೋ ರೀತಿ ತಪ್ಪು, ಅದನ್ನೂ ಬರ್ಕೊಳ್ಳಿ" ಎಂದರು. ಯಾರಿಗೆ ಬರೆದುಕೊಳ್ಳಲು ಹೇಳಿದರೋ ತಿಳಿಯದು. ಈಗ ನಾನು ಬರೆದಿದ್ದೇನೆ.

ಉತ್ತರ ಗೊತ್ತಾದ ಮೇಲೆ ಜನ ಒಮ್ಮತಕ್ಕೆ ಬಂದರೇ? ಎಲ್ಲಿಯ ಮಾತು! ಇಷ್ಟಕ್ಕೆ ಎರಡು ಗಂಟೆ ಕೂರಿಸಿದರೇ ಎಂದು ಕೆಲವರ ಸಿಟ್ಟು ದುಪ್ಪಟ್ಟಾಯಿತು. ಮೇಷ್ಟರು ಇನ್ನೊಂದು ಸಲ ನೋಡಿ ಬಂದು, ತಮ್ಮ 'ಬದುಕಿದ್ದೀನಿ'ಯನ್ನು ಬಿಟ್ಟುಕೊಡಲಾರೆನೆಂದರು. ಇನ್ನು ಕೆಲವರು ತುಟಿ ನೋಡಲೆಂದೇ ಮನೆಮಂದಿಯನ್ನು ಕಟ್ಟಿಕೊಂಡು ಬಂದರು. ಮೊದಲ ದಿನ ಮೆಟ್ಟಿಲ ಮೇಲೆ ಕೂತಿದ್ದ ಮುದುಕರು ಬುಧವಾರ ಬಂದರು. ಅತ್ತೆ ಹೇಳಿದ್ದನ್ನು ಕೇಳಿ, "ನಮ್ಮವಳು ಹೋಗಿ ಎಂಟು ತಿಂಗಳಾಯ್ತು. ಎಲ್ಲರೂ ಹೇಗಿದ್ದೀರಿ ಅಂತ ಕೇಳ್ತಾರೆ, ಏನು ಹೇಳ್ಬೇಕೋ ಗೊತ್ತಾಗ್ತಿರಲಿಲ್ಲ" ಎಂದು ಅತ್ತೆಯ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನಿಧಾನವಾಗಿ ಬಸ್ ನಿಲ್ದಾಣದ ಕಡೆ ನಡೆದರು. ಎರಡನೆಯ ವಾರಕ್ಕೆ ಚಿತ್ರ ಬೆಳಗಿನ ಒಂದೇ ಆಟಕ್ಕೆ ಇಳಿಯಿತು, ಮೂರನೆಯ ವಾರ ಹೋಯಿತು. ದೊಡ್ಡ ಗೆಲುವೇನಲ್ಲ. ಆದರೆ ಇದ್ದಷ್ಟು ದಿನ ಒಂದು ಚೂರೂ ಕತ್ತರಿಸದೆ ಓಡಿತು.

ಬುಧವಾರ ಬರಬೇಕಿದ್ದ ಆಪರೇಟರ್ ಬರಲಿಲ್ಲ. ಮ್ಯಾನೇಜರೇ ಬೇಡವೆಂದು ತಿಳಿಸಿದ್ದರು. ಮಾವ ತಾವಾಗಿಯೇ ಒಂದು ಷರತ್ತು ಹಾಕಿದರು: ಹೊಸ ಚಿತ್ರದ ಮೊದಲ ಆಟಕ್ಕೆ ಕಿವಿ ಚುರುಕಾದವರೊಬ್ಬರು ಒಳಗೆ ಕೂತು ಸದ್ದು ಹೇಗಿದೆಯೆಂದು ಹೇಳಬೇಕು. ಆ ಕೆಲಸಕ್ಕೆ ಟಿಕೆಟ್ ಕೊಡುವ ಅಕ್ಕ ಮುಂದೆ ಬಂದರು. ಇಬ್ಬರು ಮಕ್ಕಳ ತಾಯಿ, ಹದಿನಾಲ್ಕು ವರ್ಷದಿಂದ ಕಿಟಕಿಯೊಳಗೆ ಕೂತವರು. "ಕೂತು ಕೇಳೋದು ಸರಿ, ಯಂತ್ರಾನೂ ಕಲಿಸಿ ಮಾವ" ಎಂದರಂತೆ. ಈಗ ದಿನಕ್ಕೊಂದು ಗಂಟೆ ಪಾಠ ನಡೆಯುತ್ತಿದೆ.

ನಾನು ಕ್ಯಾಬಿನ್ನಿಗೆ ಹೋದ ದಿನ ಹನ್ನೊಂದರ ಆಟಕ್ಕೆ ಐದು ನಿಮಿಷವಿತ್ತು. ಅಕ್ಕ ಯಂತ್ರದ ಮುಂದೆ ನಿಂತಿದ್ದರು. ಮೊದಲ ಸಲ ಅವರೊಬ್ಬರೇ ಆಟ ಶುರು ಮಾಡುವವರಿದ್ದರು. ಮಾವ ಎರಡು ಹೆಜ್ಜೆ ಹಿಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಇನ್ನೇನು ಆಸೆ ಇದೆ ನಿಮಗೆ?" ಎಂದು ಬಲಗಿವಿಯ ಹತ್ತಿರ ಕೇಳಿದೆ.

"ಆಸೆ ಅಂದ್ರೆ... ಇನ್ನೊಂದು ವರ್ಷ, ಹೆಚ್ಚಂದ್ರೆ ಎರಡು. ಆಮೇಲೆ ಬಿಡಬೇಕು. ಬಿಟ್ಟಿದ್ದು ಕೆಳಗೆ ಕೂತೋರಿಗೆ ಗೊತ್ತಾಗಬಾರದು. ಇಲ್ಲಿ ಏನಾದ್ರೂ ಎಡವಟ್ಟಾದ್ರೆ ಅಷ್ಟೂ ಜನ ಒಟ್ಟಿಗೆ ತಿರುಗಿ ಈ ಕಿಟಕಿ ಕಡೆ ನೋಡ್ತಾರೆ. ಅದೊಂದು ಆಗಬಾರದು."

ಕೆಳಗೆ ಗಂಟೆ ಬಾರಿಸಿತು. ಅಕ್ಕ ಒಮ್ಮೆ ಮಾವನ ಮುಖ ನೋಡಿದರು. ಉಸಿರೆಳೆದುಕೊಂಡು ಗುಂಡಿ ಒತ್ತಿದರು. ದೀಪಗಳು ಮೆಲ್ಲನೆ ಆರಿದವು, ಪರದೆಯ ಮೇಲೆ ಬೆಳಕು ಬಿತ್ತು, ಸದ್ದು ಹದವಾಗಿ ಏರಿತು. ಮಾವ ಕಿಟಕಿಗೆ ಹಣೆ ಆನಿಸಿ ಕೆಳಗಿನ ನೂರಾರು ತಲೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ನೋಡಿ," ಎಂದರು ಪಿಸುಮಾತಿನಲ್ಲಿ, "ಒಬ್ಬರೂ ತಿರುಗಲಿಲ್ಲ."